ಎರವಲು ಹೋದ ಪ್ಯಾಡು

ನಾನು ಹುಟ್ಟಿದ್ದೇ ಪೆಟ್ಟು ತಿನ್ನುವುದಕ್ಕೆ. ಹಾಗೆಂದು ಯಾರೂ ನನಗಾಗಿ ಮರುಗಬೇಕಾಗಿಲ್ಲ. ನಾನು ಒಂದು ಹಾಕಿ ಆಟದ ಪ್ಯಾಡು. ಗೋಲ್‌ಕೀಪರನ ಕಾಲಿಗೆ ಕಟ್ಟುವ ಜೋಡಿಯಲ್ಲಿ ಎಡಗಾಲಿನದು. ಬಲಗಾಲಿನದು ಪಕ್ಕದಲ್ಲೇ ತೂಗುತ್ತಿದೆ. ಅದಕ್ಕೆ ಮೊದಲಿನಿಂದಲೂ ಮಾತು ಕಡಿಮೆ, ಹಾಗಾಗಿ ಕಥೆ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ.

ಹುಟ್ಟಿದ ಊರು ದೂರದ ಜಲಂಧರ. ಬೆತ್ತದ ಕಡ್ಡಿಗಳನ್ನು ಸಾಲಾಗಿ ನಿಲ್ಲಿಸಿ, ನಡುವೆ ಹತ್ತಿ ತುರುಕಿ, ಮೇಲೆ ಬಿಳಿ ಕ್ಯಾನ್ವಾಸ್ ಹೊದಿಸಿ, ಹಿಂಭಾಗಕ್ಕೆ ಮೂರು ಚರ್ಮದ ಪಟ್ಟಿ ಕೂರಿಸಿದರು. ನನ್ನನ್ನು ಹೊಲಿದ ಹೆಂಗಸು ಕೊನೆಯ ದಾರ ಹಲ್ಲಿನಲ್ಲಿ ಕಡಿದು, ಗಟ್ಟಿಯಾಗಿದ್ದೇನೆಯೋ ಇಲ್ಲವೋ ನೋಡಲು ಮೇಜಿಗೆ ಒಮ್ಮೆ ಬಡಿದಳು. ಅದೇ ನಾನು ತಿಂದ ಮೊದಲ ಪೆಟ್ಟು. ಅಲ್ಲಿಂದ ಗೂಡ್ಸ್ ಗಾಡಿ ಹತ್ತಿ ಹುಬ್ಬಳ್ಳಿಗೆ ಬಂದೆ. ಆಟದ ಸಾಮಾನಿನ ಅಂಗಡಿಯಲ್ಲಿ ಕೆಲವು ದಿನ ನೇತಾಡಿದ ಮೇಲೆ ರೈಲ್ವೆ ವರ್ಕ್‌ಶಾಪಿನ ಫಿಟ್ಟರ್, ಗೋಲ್‌ಕೀಪರ್ ಗಿಲ್ಬರ್ಟ್ ನಮ್ಮನ್ನು ಕೊಂಡ. ಎತ್ತರದ ಆಳು. ಕೆಳಗಿನಿಂದ ನೋಡುವ ನಮಗೆ ಅವನ ಗದ್ದದ ಆಚೆಗೆ ಏನೂ ಕಾಣುತ್ತಿರಲಿಲ್ಲ.

ಆ ಕಾಲಕ್ಕೆ ನಮ್ಮ ಕಡೆಯ ಟೂರ್ನಮೆಂಟುಗಳಲ್ಲಿ ಆಡುವವರಿಗೆ ಬರವಿರಲಿಲ್ಲ, ಪ್ಯಾಡಿಗೆ ಬರವಿತ್ತು. ಒಂದು ಪಂದ್ಯ ಮುಗಿದ ಕೂಡಲೇ ಕೀಪರ್ ಗೆರೆಯ ಪಕ್ಕ ಕೂತು ಪಟ್ಟಿ ಬಿಚ್ಚಬೇಕು, ಮುಂದಿನ ಪಂದ್ಯದವನು ಬೆವರು ಆರುವ ಮೊದಲೇ ಕಟ್ಟಿಕೊಳ್ಳಬೇಕು. ಕೇಳಿದವನಿಗೆ ಇಲ್ಲ ಎನ್ನುವಂತಿಲ್ಲ, ಅವನು ಯಾವ ಟೀಮಿನವನೆಂದು ವಿಚಾರಿಸುವಂತಿಲ್ಲ. ಯಾರೂ ಬರೆದಿಟ್ಟ ನಿಯಮವಲ್ಲ ಅದು. ಮೊಣಕಾಲಿಗೆ ಚೆಂಡು ಬಡಿದರೆ ಹೇಗಿರುತ್ತದೆಂದು ಕೀಪರುಗಳಿಗೆ ಗೊತ್ತಿತ್ತು, ಅಷ್ಟೆ.

ಗದಗಿನ ಒಂದು ಟೂರ್ನಮೆಂಟಿನಲ್ಲಿ, ಗೋಣಿಚೀಲಕ್ಕೆ ಹಳೇ ಬಟ್ಟೆ ತುರುಕಿ ಕಾಲಿಗೆ ಸುತ್ತಿಕೊಂಡು ಬಂದ ಒಬ್ಬ ಹುಡುಗನನ್ನು ಗಿಲ್ಬರ್ಟ್ ನೋಡಿದ. ಬೆಟಗೇರಿಯ ಬೆಳ್ಳಿಚುಕ್ಕಿ ಕ್ಲಬ್ಬಿನ ಕೀಪರ್. ಗೆದ್ದರೆ ಮರುದಿನ ಗಿಲ್ಬರ್ಟನ ಟೀಮಿಗೇ ಎದುರಾಗುವವನು.

"ಅದನ್ನ ತಗದು ಒಗಿ. ಇವನ್ನ ಕಟ್ಗೋ," ಎಂದ ಗಿಲ್ಬರ್ಟ್.

"ನಾಳೆ ನಿಮ್ಮ ಮ್ಯಾಲೇ ಆಡೂದೈತ್ರಿ."

"ಆಡು. ಕಾಲು ಇದ್ರ ಆಡ್ತಿ."

ಆ ಹುಡುಗನ ಹೆಸರು ಯಮನೂರಪ್ಪ. ಮಗ್ಗದ ಕುಣಿಯಲ್ಲಿ ಕೂತು ದಿನವಿಡೀ ತುಳಿದ ಕಾಲು ಅವನದು, ಹುರಿಗಟ್ಟಿ ಕಲ್ಲಿನಂತಿತ್ತು. ನನ್ನ ಬೆನ್ನು ಅವನ ಮೀನಖಂಡಕ್ಕೆ ತಾಗಿದ ಕ್ಷಣವೇ, ಇದು ನನ್ನ ಜಾಗ ಅನ್ನಿಸಿತು. ಕೆಲವು ವರ್ಷಗಳ ನಂತರ ಗಿಲ್ಬರ್ಟ್ ಆಟ ಬಿಟ್ಟಾಗ ತಾನೇ ಬೆಟಗೇರಿಗೆ ಬಂದು ನಮ್ಮನ್ನು ಅವನ ಕೈಗಿಟ್ಟ. "ಕೇಳಿದವ್ರಿಗೆ ಇಲ್ಲ ಅನಬ್ಯಾಡ" ಎಂದು ಹೇಳಿ ಚಹಾ ಕುಡಿದು ಹೋದ. ಯಮನೂರಪ್ಪ ಆ ಮಾತನ್ನು ದೇವರಿಗೆ ಹರಕೆ ಹೊತ್ತವನಂತೆ ಉಳಿಸಿಕೊಂಡ.

ಅವನ ಜೊತೆ ಕಳೆದದ್ದೇ ನನ್ನ ಬಾಳಿನ ಸೊಗಸು. ಊರು ಅವನಿಗೆ ಗ್ವಾಡಿ ಎಂದು ಹೆಸರಿಟ್ಟಿತು. ಚೆಂಡು ಗೋಡೆಗೆ ಬಡಿದು ವಾಪಸು ಹೋಗುತ್ತದಲ್ಲ, ಹಾಗೆ. ಹೊಗಳಿಕೆ ಅವನಿಗೆ, ಪೆಟ್ಟು ನನಗೆ, ಹಂಚಿಕೆಯಲ್ಲಿ ನಮ್ಮಿಬ್ಬರಿಗೂ ತಕರಾರಿರಲಿಲ್ಲ. ನನ್ನ ನಡುವಿನ ಪಟ್ಟಿಯ ಬಕಲು ಮುರಿದಾಗ ಅವನ ಹೆಂಡತಿ ರೇಣವ್ವ ಸೀರೆಯ ಸೆರಗು ನೇಯ್ದು ಉಳಿದ ಕೆಂಪು ನೂಲು ಹೆಣೆದು ಹೊಸ ಪಟ್ಟಿ ಮಾಡಿದಳು. ಅದಕ್ಕೆ ಬಕಲಿಲ್ಲ, ಗಂಟು ಹಾಕಬೇಕು. ಆ ಗಂಟು ಯಮನೂರಪ್ಪನಿಗೆ ಮಾತ್ರ ಬರುತ್ತಿತ್ತು. ಮೈದಾನದ ಆ ತುದಿಯಿಂದ ಕೆಂಪು ಪಟ್ಟಿ ಕಂಡರೆ ಗ್ವಾಡಿ ನಿಂತಿದ್ದಾನೆಂದು ಜನ ಗುರುತಿಸುತ್ತಿದ್ದರು.

ನನ್ನನ್ನು ಕಾಲಿಗೆ ಕಟ್ಟಿದವರಲ್ಲಿ ವೆಂಕೂಸಾ ಕೂಡ ಒಬ್ಬ. ಯಮನೂರಪ್ಪನ ಬಾಲ್ಯದ ಗೆಳೆಯ. ಒಂದೆರಡು ವರ್ಷ ಬೆಳ್ಳಿಚುಕ್ಕಿಯ ಎರಡನೇ ಕೀಪರ್ ಆಗಿದ್ದ. ಚೆಂಡು ಬಂದಾಗ ಕಣ್ಣು ಮುಚ್ಚುತ್ತಿದ್ದ ಎಂದು ನಾನು ಎಲ್ಲಿಯೂ ಹೇಳಿಲ್ಲ, ಈಗ ಹೇಳುತ್ತಿದ್ದೇನೆ. ಆಟ ಬಿಟ್ಟು ಬಸ್‌ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಹೊಡೆಯುವ ಅಂಗಡಿ ಇಟ್ಟ. ಎಲ್ಲರ ಕೈಗೂ ದೊಡ್ಡ ಫೋನು ಬಂದ ಕಾಲದಲ್ಲಿ "ಬೆಳ್ಳಿಚುಕ್ಕಿ ಅಭಿಮಾನಿಗಳು" ಎಂಬ ವಾಟ್ಸಾಪ್ ಗುಂಪು ಕಟ್ಟಿದವನು ಅವನೇ.

ಗುಂಪಿನ ವಿಷಯ ನನಗೆ ಹೇಗೆ ಗೊತ್ತು ಎನ್ನುತ್ತೀರಿ. ಯಮನೂರಪ್ಪನ ಮನೆಯಲ್ಲಿ ಚಾರ್ಜ್ ಮಾಡುವ ಪ್ಲಗ್ಗು ಗೋಡೆಯ ಮೇಲ್ಭಾಗದಲ್ಲಿತ್ತು, ಫೋನು ಇಡಲು ಕಟ್ಟೆಯಿರಲಿಲ್ಲ. ಪ್ಲಗ್ಗಿನ ಪಕ್ಕದ ಮೊಳೆಗೆ ನನ್ನನ್ನು ತೂಗುಹಾಕಿ, ನನ್ನ ಮೇಲಿನ ಪಟ್ಟಿಯೊಳಗೆ ಫೋನು ಸಿಕ್ಕಿಸಿಡುತ್ತಿದ್ದ. ಗುಂಪಿನಲ್ಲಿ ಯಾರು ಸೀನಿದರೂ ನನ್ನ ಹತ್ತಿ ನಡುಗುತ್ತಿತ್ತು.

ಎಂಥ ಗುಂಪು ಅದು. ಮೈದಾನಕ್ಕೆ ಬರುವವರು ಕಡಿಮೆಯಾದಷ್ಟೂ ಅಲ್ಲಿ ಮಾತು ಹೆಚ್ಚಾಯಿತು. ಪುಣೆಯಲ್ಲಿ ಕೂತವನು ಬೆಟಗೇರಿಯ ಸೆಂಟರ್ ಹಾಫ್ ಯಾರಾಗಬೇಕೆಂದು ತೀರ್ಮಾನಿಸುತ್ತಿದ್ದ. ಗೋವಾದಲ್ಲಿದ್ದವನು ಕೋಚ್ ರಾಜೀನಾಮೆ ಕೊಡುತ್ತಾನೆಂದು ತಿಂಗಳಿಗೊಮ್ಮೆ ಘೋಷಿಸುತ್ತಿದ್ದ. ಎಲ್ಲಕ್ಕಿಂತ ಬೆಲೆ ಇದ್ದದ್ದು ಒಳಗಿನ ಸುದ್ದಿಗೆ. "ಹೆಸರು ಕೇಳಬ್ಯಾಡ್ರಿ, ಒಳಗಿನವ್ರು ಹೇಳ್ಯಾರ" ಎಂದು ಪುಣೆಯವನ ಧ್ವನಿ ಶುರುವಾದರೆ ಸಾಕು, ಉಳಿದವರೆಲ್ಲ ಕಿವಿ ನಿಮಿರಿಸುತ್ತಿದ್ದರು. ಒಳಗಿನವರು ಯಾರೋ ನನಗಂತೂ ತಿಳಿಯಲಿಲ್ಲ. ಟೀಮಿನೊಳಗೆ ನನಗಿಂತ ಒಳಗಿದ್ದವರು ಯಾರೂ ಇರಲಿಲ್ಲ.

ಆದರೆ ಯಮನೂರಪ್ಪನಿಗೆ ಆ ಗುಂಪೆಂದರೆ ಪ್ರಾಣ. ಮಗ್ಗ ಬಿಟ್ಟು ಎದ್ದವನು ಕೈತೊಳೆದು ಮೊದಲು ಫೋನು ತೆಗೆಯುತ್ತಿದ್ದ. ಯಾರಾದರೂ "ನಮ್ಮ ಗ್ವಾಡಿ ಇರೂತನಕ ಚಿಂತಿಲ್ಲ" ಎಂದರೆ ಅದನ್ನು ರೇಣವ್ವನಿಗೆ ಮತ್ತೊಮ್ಮೆ ಕೇಳಿಸುತ್ತಿದ್ದ. ಅವಳು ರೊಟ್ಟಿ ಬಡಿಯುತ್ತಲೇ, "ಕೇಳೇನಿ ಬಿಡ್ರಿ, ಗ್ವಾಡಿಗೆ ಸುಣ್ಣ ಬಡೀತಾರಂತ?" ಎಂದು ಛೇಡಿಸುತ್ತಿದ್ದಳು.

ಆ ವರ್ಷದ ಟೂರ್ನಮೆಂಟಿನಲ್ಲಿ ಬೆಳ್ಳಿಚುಕ್ಕಿ ಫೈನಲ್ ತಲುಪಿತು. ಯಮನೂರಪ್ಪ ಅದೇ ತನ್ನ ಕೊನೆಯ ಟೂರ್ನಮೆಂಟ್ ಎಂದು ನಿರ್ಧರಿಸಿದ್ದ. ಫೈನಲ್ ಆಡಿ, ಮೈದಾನದಲ್ಲೇ ಪ್ಯಾಡು ಬಿಚ್ಚಿ, ಕೈಮುಗಿದು ಬರಬೇಕು. ಅಷ್ಟೇ ಅವನ ಆಸೆ. ಇಷ್ಟು ವರ್ಷ ಗೋಲಿನ ಮುಂದೆ ನಿಂತವನಿಗೆ ಅದು ದೊಡ್ಡ ಆಸೆಯೇನಲ್ಲ.

ಇನ್ನೊಂದು ಸೆಮಿಫೈನಲ್ ಮರುದಿನ ಇತ್ತು. ಅದರಲ್ಲಿ ಸ್ಟೇಶನ್ ರೋಡ್ ಯುವಕ ಸಂಘ ಆಡಬೇಕು, ಬೆಳ್ಳಿಚುಕ್ಕಿಯ ಹಳೇ ವೈರಿ. ಅವರ ಕೀಪರ್ ದಾವಲ್, ಆಟೋ ಓಡಿಸುವವನು. ಬೆಳಿಗ್ಗೆಯೇ ಆಟೋ ತಂದು ಮನೆ ಮುಂದೆ ನಿಲ್ಲಿಸಿದ.

"ಯಮನೂರಣ್ಣ, ನನ್ನ ಪ್ಯಾಡಿನ ಪಟ್ಟಿ ಕಿತ್ತು ಬಂದಾವು. ಚಮ್ಮಾರ ನಾಳಿಗಿ ಕೊಡ್ತೀನಂದಾನ. ಇವತ್ತೊಂದ ಮ್ಯಾಚಿಗಿ..."

ಯಮನೂರಪ್ಪ ಪೂರ್ತಿ ಕೇಳಲೂ ಇಲ್ಲ. ನಮ್ಮನ್ನು ಮೊಳೆಯಿಂದ ಇಳಿಸಿ, ಧೂಳು ಕೊಡವಿ, ತಾನೇ ಆಟೋದೊಳಗೆ ಬಗ್ಗಿ ಸೀಟಿನ ಮೇಲಿಟ್ಟ. ದಾವಲ್ ಏನೋ ತಮಾಷೆ ಮಾಡಿದ, ಇವನು ನಕ್ಕ. ಅದೇ ಹೊತ್ತಿಗೆ ಎದುರಿನ ಚಹಾದಂಗಡಿಯಲ್ಲಿ ನಿಂತ ಯಾರೋ ಫೋನು ಎತ್ತಿದ್ದು ನನಗೆ ಕಂಡಿತು. ಫೋಟೋ ತೆಗೆಸಿಕೊಳ್ಳುವುದೆಂದರೆ ನನಗೂ ಖುಷಿಯೇ. ಕೆಂಪು ಪಟ್ಟಿ ಚೆನ್ನಾಗಿ ಕಾಣಲಿ ಎಂದುಕೊಂಡೆ.

ಚೆನ್ನಾಗಿಯೇ ಕಂಡಿತು. ದಾವಲ್ ಆ ದಿನ ಕೆಂಪು ಪಟ್ಟಿಗೆ ತನಗೆ ಬಂದ ಸಾದಾ ಗಂಟು ಹಾಕಿಕೊಂಡು ಚೆನ್ನಾಗಿ ಆಡಿದ, ಸ್ಟೇಶನ್ ರೋಡ್ ಗೆದ್ದು ಫೈನಲ್‌ಗೆ ಬಂತು. ಅವನು ನಮ್ಮನ್ನು ತಂದು ಮೊಳೆಗೆ ತೂಗುಹಾಕಿ ಹೋಗುವ ವೇಳೆಗೆ ಫೋಟೋ ಗುಂಪಿನಲ್ಲಿ ಬಿದ್ದಿತ್ತು. ಕೆಳಗೆ ಬರೆದಿತ್ತು: "ಗ್ವಾಡಿ ಮಾರಾಟಕ್ಕಿದೆ."

ಆಮೇಲೆ ನನ್ನ ಪಟ್ಟಿಯೊಳಗಿನ ಫೋನು ಸುಮ್ಮನಿರಲೇ ಇಲ್ಲ. ಪುಣೆಯವನ ಧ್ವನಿ ಬಂತು. "ಡೀಲ್ ಆಗೇತ್ರಿ. ಫೈನಲ್‌ದಾಗ ಗೋಲ್ ಬಿಡ್ತಾನ, ಮುಂದಿನ ವರ್ಷ ಅವರ ಟೀಮಿಗಿ ಹೊಕ್ಕಾನ. ಹೆಸರು ಕೇಳಬ್ಯಾಡ್ರಿ, ಒಳಗಿನವ್ರು ಹೇಳ್ಯಾರ." ಇನ್ನೊಬ್ಬ, ಹೋದ ವರ್ಷದ ಒಂದು ಗೋಲು ನೆನಪಿಸಿ, ಆಗಲೇ ತನಗೆ ಸಂಶಯವಿತ್ತೆಂದ. ಮತ್ತೊಬ್ಬ ನಗುವ ಮುಖಗಳ ಸಾಲು ಕಳಿಸಿದ. ಹೊಸ ಕಾಲದ ಅಭಿಮಾನಿಗಳಿಗೆ ಪ್ಯಾಡಿನ ರೂಢಿ ಗೊತ್ತಿರಲಿಲ್ಲ. ಅವರ ಲೆಕ್ಕದಲ್ಲಿ ವೈರಿಗೆ ಪ್ಯಾಡು ಕೊಡುವುದೂ ವೋಟು ಹಾಕುವುದೂ ಒಂದೇ. ರೂಢಿ ಗೊತ್ತಿದ್ದ ಹಿರಿಯರ ಕೈಯಲ್ಲಿ ಗುಂಡಿ ಒತ್ತುವ ಹಳೇ ಫೋನುಗಳಿದ್ದವು. ಗುಂಪಿನಲ್ಲಿದ್ದು, ರೂಢಿಯೂ ತಿಳಿದಿದ್ದವನು ವೆಂಕೂಸಾ ಒಬ್ಬನೇ. ಅವನಿಂದ ಒಂದಕ್ಷರ ಬರಲಿಲ್ಲ.

ಯಮನೂರಪ್ಪನಿಗೆ ಬರೆಯುವುದು ನಿಧಾನ. ಮಾತಾಡಿ ಕಳಿಸುತ್ತೇನೆಂದ. ಏನು ಹೇಳಬೇಕೆಂದು ರೇಣವ್ವನ ಮುಂದೆ ಮೊದಲು ಹೇಳಿ ನೋಡಿದ.

"ಎಲ್ಲಾರಿಗೂ ಶರಣ್ರಿ. ನಾ ಯಮನೂರಪ್ಪ. ಪ್ಯಾಡ್ ಕೊಟ್ಟಿದ್ದು ಖರೆ ಐತಿ. ನನಗೂ ಒಬ್ಬರು ಹಂಗ ಕೊಟ್ಟಿದ್ರು..."

"ಇಷ್ಟ ಸಾಕು," ಎಂದಳು ಅವಳು. "ಸಿಟ್ಟು ಮಾಡಬ್ಯಾಡ್ರಿ."

ಗಂಟಲು ಸರಿಮಾಡಿಕೊಂಡು ಫೋನು ಕೈಗೆತ್ತಿಕೊಂಡ. ಮಾತಾಡಲು ಒತ್ತುವ ಜಾಗ ಅಲ್ಲಿರಲಿಲ್ಲ. ಅದರ ಬದಲು ಒಂದು ಸಾಲು ಬಂದಿತ್ತು. ಅವನು ಅದನ್ನು ಬಿಡಿಬಿಡಿಯಾಗಿ ಓದಿದ: "ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸಬಹುದು." ಜಗಳ ಬೆಳೆಯಿತೆಂದು ವೆಂಕೂಸಾ ಗುಂಪಿನ ಬಾಯಿ ಕಟ್ಟಿದ್ದ. ಎಲ್ಲರೂ ಹೇಳುವುದೆಲ್ಲ ಹೇಳಿ ಮುಗಿದಿತ್ತು. ಹೇಳದೆ ಉಳಿದವನು ಇವನೊಬ್ಬ.

ಮರುದಿನ, ಸವೆದ ನನ್ನ ಅಂಚಿಗೆ ಹೊಲಿಗೆ ಹಾಕಿಸಲು ನಮ್ಮನ್ನು ಹೆಗಲಿಗೆ ಹಾಕಿಕೊಂಡು ಹೊರಟವನು, ದಾರಿಯಲ್ಲಿ ವೆಂಕೂಸಾನ ಅಂಗಡಿಗೆ ಹೋದ. ಅಂಗಡಿಯ ತುಂಬ ಫೈನಲ್‌ನ ಫ್ಲೆಕ್ಸುಗಳು ಒಣಗುತ್ತಿದ್ದವು.

"ಲೇ ವೆಂಕ್ಯಾ, ಗುಂಪು ತಗಿ. ಒಂದ್ ಮಾತು ಹೇಳಿ ಸುಮ್ಮನಾಗ್ತೀನಿ."

"ಎರಡು ದಿನ ತಣ್ಣಗಾಗ್ಲಿ ಬಿಡೋ. ಈಗ ತಗದ್ರ ಮತ್ತ ಬೆಂಕಿ ಹತ್ತತೈತಿ."

"ಹಂಗಾರ ನೀನ ಬರಿ. ಇವನ್ನ ನೀನೂ ಕಟ್ಟೀದಿ. ಪ್ಯಾಡು ಹೆಂಗ ಕೈ ಬದಲಾಗ್ತಾವು, ನಿನಗ ಗೊತ್ತೈತಿ."

ವೆಂಕೂಸಾ ನನ್ನ ಕಡೆ ನೋಡಿದ. ಕೂಡಲೇ ಮುಖ ಬೇರೆ ಕಡೆ ತಿರುಗಿಸಿದ. ಚೆಂಡು ಬಂದಾಗ ಮಾಡುತ್ತಿದ್ದನಲ್ಲ, ಹಾಗೆಯೇ.

"ನಾ ಬರದ್ರ ನನ್ನೂ ನಿನ್ನ ಜೋಡಿ ಸೇರಸ್ತಾರ. ಅಷ್ಟೂ ಮಂದಿ ನನ್ನ ನಂಬಿ ಗುಂಪಿನ್ಯಾಗ ಅದಾರ ದೋಸ್ತ. ಫೈನಲ್ ಆಡು, ಗೆಲಸು, ತಾನ ಸರಿಹೊಕ್ಕೈತಿ."

ಯಮನೂರಪ್ಪ ನಮ್ಮನ್ನು ಹೆಗಲಿಗೇರಿಸಿಕೊಂಡು ಹೊರಬಿದ್ದ. ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದ. ಫೈನಲ್ ಆಡುವುದೊಂದು ಉಳಿದಿದೆಯಲ್ಲ ಎಂಬ ಆಸರೆ ಅವನ ಹೆಜ್ಜೆಯಲ್ಲಿತ್ತು, ಹೆಗಲಿನ ಮೇಲಿದ್ದ ನನಗೆ ತಿಳಿಯುತ್ತಿತ್ತು.

ಫೈನಲ್ ದಿನ ಬೆಳಿಗ್ಗೆ ಕ್ಲಬ್ಬಿನ ಕಾರ್ಯದರ್ಶಿ ಗದಿಗೆಪ್ಪ ಮಾಸ್ತರರು ಮನೆಗೆ ಬಂದರು. ಹಿಂದೆ ವಿಕಾಸ, ಎರಡನೇ ಕೀಪರ್. ಯಮನೂರಪ್ಪ ಆಗಲೇ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಒಗೆದ ಜರ್ಸಿ ಹಾಕಿಕೊಂಡಿದ್ದ. ಮಾಸ್ತರರು ಕೂರಲಿಲ್ಲ.

"ಯಮನೂರಪ್ಪ, ನಿನ್ನ ಮ್ಯಾಲೆ ನನಗೇನೂ ಸಂಶಯ ಇಲ್ಲಪಾ. ಆದರ ಹುಡುಗರ ಮನಸ್ಸು ಕೆಟ್ಟೈತಿ. ಒಂದು ಗೋಲು ಹೋತಂದ್ರ ಮೈದಾನದಾಗ ಹೊಡೆದಾಟ ಆಗ್ತೈತಿ. ಇದೊಂದು ಮ್ಯಾಚ್ ವಿಕಾಸ ನಿಲ್ಲಲಿ."

ರೇಣವ್ವ ಒಳಗಿನಿಂದ ಬಂದು ಬಾಗಿಲ ಬಳಿ ನಿಂತಳು. ಯಮನೂರಪ್ಪ ಅವಳ ಕಡೆ ಒಮ್ಮೆ ನೋಡಿದ. ಆಮೇಲೆ, "ಆತ್ರಿ ಮಾಸ್ತರ" ಎಂದ.

ಮಾಸ್ತರರು ಹೋಗಬೇಕಿತ್ತು, ಹೋಗಲಿಲ್ಲ. ಗೋಡೆಯ ಕಡೆ ನೋಡಿ, ನೆಲ ನೋಡಿ, ಕೊನೆಗೆ ಬಾಯಿ ಬಿಟ್ಟರು.

"ವಿಕಾಸನ ಹಂತ್ಯಾಕ ಪ್ಯಾಡ್ ಇಲ್ಲ."

ನಾನು ಬೆತ್ತ ಮತ್ತು ಹತ್ತಿಯಿಂದ ಆದ ವಸ್ತು, ನನಗೆ ಸಿಟ್ಟು ಬರಬಾರದು. ಅವತ್ತು ಬಂತು. ಪ್ಯಾಡು ಕೊಟ್ಟನೆಂದು ಅವನನ್ನು ತೆಗೆದುಹಾಕಿದವರು, ತೆಗೆದುಹಾಕಿದ ಬಾಯಲ್ಲೇ ಪ್ಯಾಡು ಕೇಳುತ್ತಿದ್ದರು.

"ಕೊಡಬ್ಯಾಡ್ರಿ," ಎಂದಳು ರೇಣವ್ವ. "ಇವತ್ತೊಂದಿನ ಇಲ್ಲ ಅನ್ರಿ."

ಯಮನೂರಪ್ಪ ನಮ್ಮನ್ನು ಮೊಳೆಯಿಂದ ಇಳಿಸಿದ. ಹೊಸ್ತಿಲ ಮೇಲೆ ವಿಕಾಸನನ್ನು ಕೂರಿಸಿ, ಅವನ ಕಾಲ ಬಳಿ ತಾನು ಕುಕ್ಕರುಗಾಲಲ್ಲಿ ಕೂತ. ಮೇಲಿನ ಬಕಲು ಹಾಕಿದ, ಕೆಳಗಿನ ಬಕಲು ಹಾಕಿದ. ಕೆಂಪು ಪಟ್ಟಿಯ ಗಂಟು ಬೇರೆಯವರಿಗೆ ಬರುವುದಿಲ್ಲವಲ್ಲ, ಅದನ್ನೂ ತನ್ನ ಕೈಯಾರೆ ಹಾಕಿದ. ಅಷ್ಟು ವರ್ಷ ಕೆಳಗಿನಿಂದ ಅವನ ಗದ್ದ, ಮೂಗು ನೋಡಿದ್ದ ನಾನು, ಕಾಲಿಗೆ ಕಟ್ಟಿಸಿಕೊಂಡು ಅವನ ಮುಖವನ್ನು ಎದುರಿನಿಂದ ನೋಡಿದ್ದು ಅವತ್ತೇ ಮೊದಲು. ಕಣ್ಣು ತುಂಬಿತ್ತು.

"ಎಡಗಡೆ ಬಾಲ್ ಬಂದ್ರ ಕಾಲ ತಗೀಬ್ಯಾಡ," ಎಂದು ವಿಕಾಸನಿಗೆ ಹೇಳಿದ. "ಪ್ಯಾಡು ತಡೀತೈತಿ, ನಂಬು."

ನಾನು ತಡೆದೆ. ಮನಸ್ಸಿಲ್ಲದಿದ್ದರೂ ತಡೆದೆ. ಆಟ ಮುಗಿಯಲು ಬಂದಾಗ ಎಡಗಡೆ ಬಂದ ಚೆಂಡು ನನಗೆ ಬಡಿದು ಹೊರಗೆ ಹೋಯಿತು, ಬೆಳ್ಳಿಚುಕ್ಕಿ ಒಂದು ಗೋಲಿನಿಂದ ಗೆದ್ದಿತು. ಸೋತ ದಾವಲ್ ಎಲ್ಲರ ಮುಂದೆ ಬಂದು, "ಅವತ್ತ ನಾನ ಕೇಳಿ ಇಸಗೊಂಡೀನಿ, ಯಮನೂರಣ್ಣನ ತಪ್ಪಿಲ್ಲ" ಎಂದು ಕೂಗಿ ಹೇಳಿದ. ನೋಡಿದಿರಾ, ವೈರಿಗಳೇ ಅವನ ಪರ ಮಾತಾಡುತ್ತಿದ್ದಾರೆ ಎಂದರು ಜನ. ಗುಂಪು ತೆರೆಯಿತು. ವಿಕಾಸನ ಫೋಟೋಗಳು ತುಂಬಿದವು, ಅವನ ಕಾಲಲ್ಲಿ ಕೆಂಪು ಪಟ್ಟಿ. "ಹೊಸ ಗ್ವಾಡಿ" ಎಂದು ಯಾರೋ ಬರೆದರು.

ಸಂಜೆ ವಿಕಾಸ ನಮ್ಮನ್ನು ತಂದುಕೊಟ್ಟ. ಗಂಟು ಬಿಚ್ಚಲು ಬಾರದೆ ಕೆಂಪು ಪಟ್ಟಿಯನ್ನು ಬ್ಲೇಡಿನಿಂದ ಕತ್ತರಿಸಿದ್ದ. ಯಮನೂರಪ್ಪ ಎರಡು ತುದಿಗಳನ್ನೂ ಕೈಯಲ್ಲಿ ಹಿಡಿದು ನೋಡಿದ.

"ಬ್ಯಾರೆ ಹೆಣದು ಕೊಡ್ತೀನಿ ತಗೋರಿ," ಎಂದಳು ರೇಣವ್ವ.

"ಬ್ಯಾಡ ಬಿಡು."

ಮತ್ತೆ ಅವನು ಮೈದಾನದ ಕಡೆ ಹೋಗಲಿಲ್ಲ. ನನ್ನ ಬೆನ್ನಿಗೆ ಅವನ ಕಾಲು ಮತ್ತೆ ತಾಗಲಿಲ್ಲ. ಆದರೆ ಗುಂಪು ಬಿಡಲಿಲ್ಲ. ದಿನವೂ ಮಗ್ಗದಿಂದೆದ್ದು ಕೈತೊಳೆದು ಫೋನು ತೆಗೆದು, ಎಲ್ಲವನ್ನೂ ನೋಡಿ, ಏನೂ ಹೇಳದೆ ನನ್ನ ಪಟ್ಟಿಗೆ ಸಿಕ್ಕಿಸಿ ಹೋಗುತ್ತಿದ್ದ. ಅಷ್ಟು ಮಂದಿಯಲ್ಲಿ ಯಾರಾದರೂ ಒಬ್ಬರು ಒಂದು ದಿನ ತಪ್ಪಾಯಿತು ಎನ್ನುತ್ತಾರೆಂದು ಕಾದನೇನೋ. ಅವರು ಮರೆತಿದ್ದರು. ಅವರಿಗೆ ಹೊಸ ಒಳಗಿನ ಸುದ್ದಿಗಳು ಬಂದಿದ್ದವು.

ವರ್ಷಗಳು ಹೋದವು. ಒಂದು ಮಧ್ಯಾಹ್ನ ಮಗ್ಗದ ಸದ್ದು ನಡುವೆಯೇ ನಿಂತಿತು. ರೇಣವ್ವ ಕರೆದಳು, ಉತ್ತರ ಬರಲಿಲ್ಲ. ಕುಣಿಯೊಳಗೆ ಕಾಲು ಇಳಿಬಿಟ್ಟುಕೊಂಡೇ ಅವನು ಮುಂದಕ್ಕೆ ಬಾಗಿದ್ದ.

ಅಂತ್ಯಕ್ರಿಯೆ, ದಿನದ ಕಾರ್ಯಗಳೆಲ್ಲ ಮುಗಿದ ಮೇಲೆ ವೆಂಕೂಸಾ ಬಂದ. ಕೂದಲು ಹಣ್ಣಾಗಿತ್ತು. ಚಾಪೆಯ ಮೇಲೆ ಕೂತು ಅತ್ತ. ಅಳು ಸುಳ್ಳಲ್ಲ, ಅದನ್ನು ನಾನು ಒಪ್ಪುತ್ತೇನೆ. ಆಮೇಲೆ ಕಣ್ಣೊರೆಸಿಕೊಂಡು, ಕ್ಲಬ್ಬಿನಲ್ಲಿ ಗಾಜಿನ ಕಪಾಟು ಮಾಡಿಸುತ್ತಿದ್ದೇವೆ, ಅದರಲ್ಲಿ ಗ್ವಾಡಿಯ ಪ್ಯಾಡು ಇಡಬೇಕೆಂದು ಎಲ್ಲರ ಆಸೆ, ಎಂದ.

"ನೋಡವ್ವಾ, ಗುಂಪಿನ್ಯಾಗ ಮಂದಿ ಹೆಂಗ ಬರದಾರ. ಎಂಥಾ ಮನಶಾ ಅಂತಾರ ಎಲ್ಲಾರೂ."

ತನ್ನ ಫೋನು ಅವಳ ಮುಂದೆ ಹಿಡಿದ. ಆಟೋದ ಸೀಟಿನ ಮೇಲೆ ನಾವಿಬ್ಬರು, ಬಗ್ಗಿ ನಮ್ಮನ್ನು ಇಡುತ್ತಿರುವ ಯಮನೂರಪ್ಪ, ಮುಖದ ತುಂಬ ನಗು. ಅವನ ಬೇರೆ ಫೋಟೋ ಯಾರ ಬಳಿಯೂ ಇರಲಿಲ್ಲವಂತೆ. ಈ ಸಲ ಕೆಳಗೆ ಬರೆದದ್ದು: "ವೈರಿಗೂ ಪ್ಯಾಡು ಕೊಟ್ಟ ದೊಡ್ಡ ಮನಸ್ಸಿನ ಗ್ವಾಡಿ. ಮತ್ತೆ ಹುಟ್ಟಿ ಬಾ."

ರೇಣವ್ವ ಬಹಳ ಹೊತ್ತು ನೋಡಿದಳು.

"ಈ ಫೋಟೋ ನಾ ನೋಡೇನ್ರಿ ಅಣ್ಣಾರ. ಆವಾಗ ಇದರ ಕೆಳಗ ಬ್ಯಾರೆ ಬರದಿದ್ರು."

ವೆಂಕೂಸಾ ತಲೆ ತಗ್ಗಿಸಿದ. ಗೋಡೆಯ ಮೇಲೆ ನನ್ನ ಪಟ್ಟಿಯೊಳಗೆ ಯಮನೂರಪ್ಪನ ಫೋನು ಗುರ್ರೆನ್ನುತ್ತಲೇ ಇತ್ತು. ಅದನ್ನು ಇನ್ನೂ ಯಾರೂ ಆರಿಸಿರಲಿಲ್ಲ. ಹೊಗಳಿಕೆಗಳು ಒಂದರ ಹಿಂದೊಂದು ಬಂದು ನನ್ನ ಹತ್ತಿಗೆ ಬಡಿಯುತ್ತಿದ್ದವು.

"ಅವತ್ತ ಅವರು ಮಾತಾಡಬೇಕಂದಾಗ ಗುಂಪಿನ ಬಾಯಿ ಕಟ್ಟಿದ್ರಿ," ಎಂದಳು ಅವಳು. "ಇವತ್ತೂ ಕಟ್ಟರಿ. ನನಗ ಕೇಳಾಕ ಆಗವಲ್ದು."

ಅವನು ಎದ್ದ. ಪ್ಯಾಡಿನ ಮಾತು ಮತ್ತೆ ಎತ್ತಲಿಲ್ಲ. ಬಾಗಿಲ ಹೊರಗೆ ನಿಂತು ಫೋನಿನಲ್ಲಿ ಏನೋ ಒತ್ತಿದ. ಅವನು ಓಣಿ ದಾಟುವ ಮೊದಲೇ ನನ್ನ ಪಟ್ಟಿಯೊಳಗಿನ ಫೋನು ಸುಮ್ಮನಾಯಿತು.

ಆಮೇಲೆ ರೇಣವ್ವ ನನ್ನನ್ನು ಮೊಳೆಯಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡಳು. ಬ್ಲೇಡಿನಲ್ಲಿ ಹರಿದ ಕೆಂಪು ಪಟ್ಟಿಯ ಎರಡು ತುದಿಗಳನ್ನು ಬಿಡಿಸಿ, ಮಗ್ಗದಲ್ಲಿ ಎಳೆ ಹರಿದರೆ ಹೊಸೆಯುತ್ತಾರಲ್ಲ, ಹಾಗೆ ಒಂದೊಂದೇ ಎಳೆಯನ್ನು ಹುಡುಕಿ ಹುಡುಕಿ ಕೂಡಿಸಿದಳು. ಕತ್ತಲಾಗುವ ಹೊತ್ತಿಗೆ ಪಟ್ಟಿ ಮತ್ತೆ ಒಂದಾಯಿತು. ನನ್ನನ್ನು ಜೊತೆಯದರ ಪಕ್ಕ ತೂಗುಹಾಕಿ ಒಳಗೆ ಹೋದಳು.

ನಾನೀಗ ಅಲ್ಲೇ ಇದ್ದೇನೆ. ಹೊಸ ಕೀಪರುಗಳೆಲ್ಲ ಹಗುರ ಫೋಮಿನ ಪ್ಯಾಡು ಕಟ್ಟುತ್ತಾರೆ, ನನ್ನನ್ನು ಕೇಳಿಕೊಂಡು ಬರುವವರಿಲ್ಲ. ಬಂದರೆ ರೇಣವ್ವ ಇಲ್ಲ ಎನ್ನಲಾರಳು, ಅವನ ಹೆಂಡತಿಯಲ್ಲವೇ. ಪಟ್ಟಿ ಗಟ್ಟಿಯಾಗಿದೆ. ಕಟ್ಟಿಕೊಳ್ಳಬೇಕಾದ ಕಾಲೇ ಇಲ್ಲ.